ಸೋತ ಕೈಗೂ ಒಲಿದ ಸ್ವರ



ಚನ್ನಗಿರಿಯ ಅಡಿಕೆ ತೋಟಗಳಲ್ಲಿ, ಹೊನ್ನಾಳಿಯ ಹೊಳೆದಂಡೆಯ ಗದ್ದೆಗಳಲ್ಲಿ, ನ್ಯಾಮತಿಯ ಮೆಕ್ಕೆಜೋಳದ ಹೊಲಗಳಲ್ಲಿ, ಮಳೆಗಾಗಿ ಮುಗಿಲು ನೋಡುವ ಜಗಳೂರಿನ ಒಣಭೂಮಿಯಲ್ಲಿ ಬದುಕು ನಡೆಯುವುದು ಕೈಗಳ ಬಲದ ಮೇಲೆ. ಅಡಿಕೆ ಸುಲಿಯುವ ಕೈ, ನಾಟಿ ಹಾಕುವ ಕೈ, ಕಳೆ ಕೀಳುವ ಕೈ, ರೊಟ್ಟಿ ತಟ್ಟುವ ಕೈ. ಇಂಥ ಕೈಗಳಿಗೆ ಪೆಟ್ಟಾಗುವುದೂ ಅಪರೂಪವಲ್ಲ. ಮರದಿಂದ ಬಿದ್ದು ತೋಳು ಮುರಿದವರು, ಒಕ್ಕಣೆ ಯಂತ್ರಕ್ಕೆ ಸಿಕ್ಕಿ ಬೆರಳು ಕಳೆದುಕೊಂಡವರು, ಲಕ್ವ ಹೊಡೆದು ಒಂದು ಪಕ್ಕದ ಸ್ವಾಧೀನ ತಪ್ಪಿದವರು, ಸಂಧಿವಾತದಿಂದ ಬೆರಳ ಗಂಟುಗಳು ಬಿಗಿದವರು ನಮ್ಮ ಬಂಧುಬಳಗದಲ್ಲೇ ಇದ್ದಾರೆ. ಆ ಕೈ ಮತ್ತೆ ಕೆಲಸಕ್ಕೆ ಮರಳುವುದೇ ಎಂದು ಮನೆಮಂದಿ ಚಿಂತಿಸುತ್ತಾರೆ. ಚಿಕಿತ್ಸೆಗಾಗಿ ದಾವಣಗೆರೆಗೂ ಶಿವಮೊಗ್ಗಕ್ಕೂ ಅಲೆಯುತ್ತಾರೆ. ಆದರೆ ಆ ಕೈ ಮತ್ತೆ ಹಾಡಿಗೆ ಮರಳುವುದೇ ಎಂದು ಕೇಳುವವರು ವಿರಳ.

ಗಾನವೃಂದದಲ್ಲಿ ವರ್ಷಗಟ್ಟಲೆ ಹಾರ್ಮೋನಿಯಂ ನುಡಿಸಿದವರು ಕೈ ಸೋತ ಮೇಲೆ ಸದ್ದಿಲ್ಲದೆ ಹಿಂದಿನ ಸಾಲಿಗೆ ಸರಿಯುತ್ತಾರೆ. ಅವರು ನುಡಿಸುತ್ತಿದ್ದ ವಾದ್ಯ ಮೂಲೆಯಲ್ಲಿ ಬಟ್ಟೆ ಹೊದ್ದು ಕೂರುತ್ತದೆ. ಅವರನ್ನು ಹೋಗೆಂದು ಯಾರೂ ಹೇಳಿರುವುದಿಲ್ಲ; ಬಾ ಎಂದೂ ಯಾರೂ ಕರೆದಿರುವುದಿಲ್ಲ. ಕೀಲಿಮಣೆ ನುಡಿಸುವುದಕ್ಕೆ ಎರಡು ಗಟ್ಟಿ ಕೈಗಳೂ ಹತ್ತು ಚುರುಕಾದ ಬೆರಳುಗಳೂ ಬೇಕೇಬೇಕೆಂಬ ಎಣಿಕೆ ನಮ್ಮೆಲ್ಲರ ಮನಸ್ಸಿನಲ್ಲಿ ಬೇರೂರಿಬಿಟ್ಟಿದೆ. ಈ ಎಣಿಕೆ ನಿಜವೇ? ಕೀಲಿಮಣೆಯ ಇತಿಹಾಸವನ್ನು ತಾಳ್ಮೆಯಿಂದ ತಿರುವಿ ನೋಡಿದರೆ ನಿಮಗೆ ಬೇರೆಯೇ ಉತ್ತರ ದೊರೆಯುತ್ತದೆ.

ತಿದಿಗೊಂದು ಕೈ, ಹಾಡಿಗೊಂದು ಕೈ

ಹಾರ್ಮೋನಿಯಂ ಹುಟ್ಟಿದ್ದು ಫ್ರಾನ್ಸಿನಲ್ಲಿ. ಪ್ಯಾರಿಸ್ ನಗರದ ಅಲೆಕ್ಸಾಂಡರ್ ದೆಬೆಯ್ನ್ ಎಂಬ ವಾದ್ಯತಯಾರಕನು 1840ರಲ್ಲಿ ಅದರ ಹಕ್ಕುಪತ್ರ ಪಡೆದನು. ದೊಡ್ಡ ದೇವಾಲಯಗಳ ಕೊಳವೆ ಆರ್ಗನ್ ಎಂದರೆ ಗೋಡೆಯೆತ್ತರದ ವಾದ್ಯ. ಅದನ್ನು ಕೊಳ್ಳುವ ಶಕ್ತಿ ಸಣ್ಣ ಊರಿನ ದೇವಾಲಯಗಳಿಗೆ ಇರಲಿಲ್ಲ. ಕೊಳವೆಗಳ ಬದಲು ಹಿತ್ತಾಳೆಯ ತೆಳು ನಾಲಿಗೆಗಳನ್ನು ಗಾಳಿಯಿಂದ ಮಿಡಿಯುವ ಈ ಪೆಟ್ಟಿಗೆ ಅವರ ಪಾಲಿಗೆ ವರವಾಯಿತು. ಕಾಲಿನಿಂದ ಹಲಗೆ ತುಳಿದು ಗಾಳಿ ತುಂಬಬೇಕು, ಎರಡು ಕೈಗಳಿಂದ ನುಡಿಸಬೇಕು. ಧರ್ಮಪ್ರಚಾರಕರ ಸಾಮಾನಿನೊಂದಿಗೆ ಈ ವಾದ್ಯ ಹಡಗು ಹತ್ತಿ ಭಾರತಕ್ಕೂ ಬಂದಿತು.

ಇಲ್ಲಿಗೆ ಬಂದ ಮೇಲೆ ಅದರ ರೂಪ ಬದಲಾಯಿತು. ನಮ್ಮ ಸಂಗೀತಗಾರರು ಕುರ್ಚಿಯಲ್ಲಿ ಕುಳಿತು ಹಾಡುವವರಲ್ಲ. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತವರು ಹಲಗೆ ತುಳಿಯುವುದು ಹೇಗೆ? 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಕೊಲ್ಕತ್ತದ ದ್ವಾರಕಾನಾಥ ಘೋಷರು ತಮ್ಮ ದ್ವಾರ್ಕಿನ್ ಸಂಸ್ಥೆಯಲ್ಲಿ ಕಾಲುಹಲಗೆಯನ್ನು ತೆಗೆದು, ಪೆಟ್ಟಿಗೆಯ ಬೆನ್ನಿಗೆ ಕೈತಿದಿಯನ್ನು ಜೋಡಿಸಿದ ಹಾರ್ಮೋನಿಯಂ ತಯಾರಿಸಿದರು. ಒಂದು ಕೈ ತಿದಿಗೆ, ಇನ್ನೊಂದು ಕೈ ಸ್ವರಕ್ಕೆ. ನಮ್ಮ ಸಂಗೀತದಲ್ಲಿ ಪಾಶ್ಚಾತ್ಯರ ಹಾಗೆ ಹಲವು ಸ್ವರಗಳನ್ನು ಏಕಕಾಲದಲ್ಲಿ ಪೇರಿಸುವ ಪದ್ಧತಿಯಿಲ್ಲ. ಒಂದು ಸ್ವರದ ಹಿಂದೆ ಇನ್ನೊಂದು ಸ್ವರ ನಡೆಯುವ ರಾಗಪದ್ಧತಿ ನಮ್ಮದು. ಆದ್ದರಿಂದ ಒಂದೇ ಕೈ ಸಾಕಾಯಿತು.

ಈ ಮಾತನ್ನು ನೀವು ಗಮನಿಸಬೇಕು. ನಾವು ಹುಟ್ಟಿದಾಗಿನಿಂದ ಕಂಡಿರುವ ಕೈಹಾರ್ಮೋನಿಯಂ ಒಂಟಿ ಕೈಯಲ್ಲೇ ಸ್ವರ ಹೊರಡಿಸುವ ವಾದ್ಯ. ಅಷ್ಟೇ ಅಲ್ಲ, ಆ ಒಂಟಿ ಕೈಯ ಹೊರೆಯನ್ನು ತಗ್ಗಿಸಲು ಅದರೊಳಗೆ ಹಲವು ಉಪಾಯಗಳನ್ನು ಅಡಗಿಸಿಟ್ಟಿದ್ದಾರೆ. ಗುಬುಟನ್ನು ಎಳೆದರೆ ಆಧಾರ ಶ್ರುತಿ ತಾನಾಗಿ ಮೊರೆಯುತ್ತದೆ. ಕಪ್ಲರ್ ಇರುವ ಪೆಟ್ಟಿಗೆಯಲ್ಲಿ ಒಂದು ಮನೆಯನ್ನು ಒತ್ತಿದರೆ ಅದರದೇ ಇನ್ನೊಂದು ಸ್ಥಾಯಿಯ ಮನೆಯೂ ಜೊತೆಗೆ ತಗ್ಗುತ್ತದೆ. ಒಂದು ಬೆರಳಿಗೆ ಎರಡು ಸ್ವರ. ಸ್ಕೇಲ್ ಚೇಂಜರ್ ಇರುವ ಪೆಟ್ಟಿಗೆಯಲ್ಲಿ ಮನೆಗಳ ಸಾಲನ್ನೇ ಸರಿಸಬಹುದು. ಹಾಡುವವರ ಶ್ರುತಿ ಬಿಳಿ ನಾಲ್ಕಿರಲಿ, ಕರಿ ಒಂದಿರಲಿ, ನುಡಿಸುವವರ ಬೆರಳುಗಳು ಕಲಿತ ಹಾದಿಯನ್ನು ಬದಲಿಸಬೇಕಾಗಿಲ್ಲ. ಇವೆಲ್ಲವನ್ನೂ ಅಂಗವಿಕಲರಿಗೆಂದು ಮಾಡಿದ್ದಲ್ಲ. ಮನುಷ್ಯನ ಕೈಗೆ ಒಂದು ಮಿತಿಯಿದೆ, ಆ ಮಿತಿಯನ್ನು ವಾದ್ಯವೇ ತುಂಬಿಕೊಡಬೇಕೆಂದು ಬಲ್ಲ ಕುಶಲಕರ್ಮಿಗಳು ಮಾಡಿದ್ದು.

ಮರಾಠಿ ಮತ್ತು ಪಾರಸಿ ನಾಟಕ ಮಂಡಳಿಗಳೊಂದಿಗೆ ಹಾರ್ಮೋನಿಯಂ ಕನ್ನಡ ನಾಡಿನ ರಂಗಕ್ಕೆ ಬಂದಿತು. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿಯಿಂದ ಹಿಡಿದು ದಾವಣಗೆರೆಯ ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿಯವರೆಗೆ ವೃತ್ತಿರಂಗದ ಹಾಡುಗಳು ಈ ಪೆಟ್ಟಿಗೆಯನ್ನೇ ನೆಚ್ಚಿದ್ದವು. ರಂಗದ ಮುಂದೆ ಕಾಲಿನಿಂದ ತುಳಿಯುವ ಲೆಗ್ ಹಾರ್ಮೋನಿಯಂ. ಹಳ್ಳಿಯ ನಾಟಕ ಕಲಿಸಲು ಬರುವ ಮೇಷ್ಟ್ರ ತೊಡೆಯ ಮುಂದೆ ಕೈಹಾರ್ಮೋನಿಯಂ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಉದಯಿಸುವವರೆಗೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಗೂ ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದವು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು 2018ರಲ್ಲಿ. ಗಡಿಗಳು ಹೀಗೆ ಬದಲಾದರೂ ಈ ಊರುಗಳ ಭಜನೆಯ ಪಡಸಾಲೆಯಲ್ಲಿ, ನಾಟಕದ ತಾಲೀಮಿನಲ್ಲಿ, ದೇವಾಲಯದ ಗಾನವೃಂದದಲ್ಲಿ ಕೇಳಿಬರುವ ಪೆಟ್ಟಿಗೆಯ ಸ್ವರ ಒಂದೇ ಆಗಿದೆ.

ಬಹಿಷ್ಕಾರದ ಮೂವತ್ತೊಂದು ವರ್ಷ

ಹೊಸ ಉಪಕರಣ ಬಂದಾಗಲೆಲ್ಲ ಅದನ್ನು ಹಳಿಯುವವರೂ ಇರುತ್ತಾರೆ. ಹಾರ್ಮೋನಿಯಂ ಕೂಡ ಈ ಪರೀಕ್ಷೆಯನ್ನು ದಾಟಿ ಬಂದಿದೆ. ಅದರ ಹನ್ನೆರಡು ಸ್ವರಗಳು ಸ್ಥಿರವಾದವು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್, ಸ್ವರವನ್ನು ತೂಗುವ ಗಮಕ ಅದರಲ್ಲಿ ಹೊರಡುವುದಿಲ್ಲ. ಇದು ಪರದೇಶಿ ವಾದ್ಯ, ನಮ್ಮ ಸಂಗೀತವನ್ನು ಕೆಡಿಸುತ್ತದೆ ಎಂಬ ಕೂಗು ಎದ್ದಿತು. ಕವಿ ರವೀಂದ್ರನಾಥ ಟ್ಯಾಗೋರರೂ ಅದನ್ನು ಒಪ್ಪಿರಲಿಲ್ಲ. 1940ರ ಮಾರ್ಚ್ 1ರಿಂದ ಆಕಾಶವಾಣಿಯು ತನ್ನ ಕಾರ್ಯಕ್ರಮಗಳಿಂದ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ಆ ನಿರ್ಬಂಧ ಸಡಿಲವಾದದ್ದು 1971ರಲ್ಲಿ.

ಈ ಮೂವತ್ತೊಂದು ವರ್ಷ ಜನರೇನು ಹಾರ್ಮೋನಿಯಂ ನುಡಿಸುವುದನ್ನು ಬಿಟ್ಟರೆ? ರೇಡಿಯೋದಲ್ಲಿ ಇಲ್ಲದ ವಾದ್ಯ ಹಳ್ಳಿಯ ಚಾವಡಿಯಲ್ಲಿ ಎಂದಿನಂತೆ ಮೊರೆಯಿತು. ವಿದ್ವಾಂಸರು ಎತ್ತಿದ ಆಕ್ಷೇಪದಲ್ಲಿ ಸತ್ಯಾಂಶವಿತ್ತು. ಗಮಕ ಬರುವುದಿಲ್ಲವೆಂಬ ಮಾತು ಇಂದಿಗೂ ನಿಜ. ಆದರೆ ವಿದ್ವತ್ತಿನ ತಕ್ಕಡಿಯಲ್ಲಿ ತೂಗಿದರೆ ಕಾಣದ ಒಂದು ಗುಣ ಆ ಪೆಟ್ಟಿಗೆಗೆ ಇತ್ತು. ದಿನವಿಡೀ ದುಡಿದು ಬಂದ, ಶಾಸ್ತ್ರ ಕಲಿಯದ, ಬೆರಳು ಒರಟಾದ ಸಾಮಾನ್ಯನಿಗೂ ಅದು ಸ್ವರ ಕೊಡುತ್ತಿತ್ತು. ಪಿಟೀಲಿನ ತಂತಿಯ ಮೇಲೆ ಬೆರಳು ಒಂದು ಎಳೆಯಷ್ಟು ಸರಿದರೂ ಅಪಸ್ವರ ಬರುತ್ತದೆ. ಹಾರ್ಮೋನಿಯಂನಲ್ಲಿ ಬೆರಳು ಮನೆಯ ಯಾವ ತುದಿಗೆ ತಾಗಿದರೂ ಸ್ವರ ಶುದ್ಧವಾಗಿಯೇ ಬರುತ್ತದೆ. ನಡುಗುವ ಕೈಗೆ, ಪೂರ್ತಿ ಮಡಚದ ಬೆರಳಿಗೆ ಈ ಔದಾರ್ಯದ ಬೆಲೆ ಎಷ್ಟೆಂಬುದು ಅನುಭವಿಸಿದವರಿಗೇ ಗೊತ್ತು.

ಈ ಔದಾರ್ಯವನ್ನು ಕನ್ನಡ ನಾಡಿನಲ್ಲಿ ಬದುಕಾಗಿಸಿ ತೋರಿಸಿದ ಊರು ಗದಗ. ಕಣ್ಣು ಕಾಣದ ಗಾನಯೋಗಿ ಪಂಚಾಕ್ಷರಿ ಗವಾಯಿಗಳು (1892–1944) ಕಟ್ಟಿದ ವೀರೇಶ್ವರ ಪುಣ್ಯಾಶ್ರಮವು ಅಂಧರಿಗೂ ಅನಾಥರಿಗೂ ಅನ್ನ, ಆಶ್ರಯ, ಸಂಗೀತ ಮೂರನ್ನೂ ಕೊಟ್ಟಿತು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು 1914ರಲ್ಲಿ ಜನಿಸಿ, ಎಳವೆಯಲ್ಲೇ ದೃಷ್ಟಿ ಕಳೆದುಕೊಂಡರೂ ಗಾಯನದ ಜೊತೆಗೆ ಹಾರ್ಮೋನಿಯಂ, ಪಿಟೀಲು, ವೀಣೆ ಮೊದಲಾದ ವಾದ್ಯಗಳಲ್ಲಿ ಪರಿಣತರಾದರು. ಆಶ್ರಮದ ನಾಟಕ ಸಂಘವು ಊರೂರು ತಿರುಗಿ ನಾಟಕವಾಡಿ ಗಳಿಸಿದ ಹಣ ಆಶ್ರಮದ ಒಲೆಗೆ ಸೌದೆಯಾಯಿತು. 2010ರಲ್ಲಿ ಪದ್ಮಭೂಷಣ ಪ್ರಶಸ್ತಿ ಪಡೆದ ಪುಟ್ಟರಾಜರು ಅದೇ ವರ್ಷದ ಸೆಪ್ಟೆಂಬರ್ 17ರಂದು ನಿಧನರಾದರು. ಅಲ್ಲಿನ ಕೊರತೆ ಕಣ್ಣಿನದು, ನಮ್ಮ ಇಂದಿನ ವಿಷಯ ಕೈಯದು. ಆದರೂ ಆ ಗುರುಕುಲದ ಪಾಠ ನಮಗೂ ಸಲ್ಲುತ್ತದೆ. ಶಿಷ್ಯನಲ್ಲಿ ಏನಿಲ್ಲ ಎಂದು ಎಣಿಸುತ್ತ ಕೂರದೆ, ಏನಿದೆಯೋ ಅದರಿಂದಲೇ ಅಲ್ಲಿ ಪಾಠ ಆರಂಭವಾಗುತ್ತಿತ್ತು.

ಎಡಗೈಗೆಂದೇ ಬರೆದ ಸಂಗೀತ

ಇನ್ನು ಎರಡು ಕೈಗಳ ಪಿಯಾನೋವನ್ನೇ ಪ್ರಧಾನವಾಗಿ ಕಂಡ ಯೂರೋಪಿನತ್ತ ನೋಡೋಣ. ಅಲ್ಲಿಯಾದರೂ ಒಂದು ಕೈ ಸೋತವರ ಗತಿ ಏನಾಯಿತು?

ಜರ್ಮನಿಯ ಖ್ಯಾತ ಪಿಯಾನೋವಾದಕಿ ಕ್ಲಾರಾ ಶೂಮನ್ನರ ಬಲಗೈಗೆ ನೋವಾಗಿದ್ದ ದಿನಗಳಲ್ಲಿ, 1877ರಲ್ಲಿ, ಸಂಗೀತಕಾರ ಬ್ರಾಮ್ಸ್ ಅವರಿಗೆ ಒಂದು ಕಾಣಿಕೆ ಕಳುಹಿಸಿದರು. ಬಾಖ್ ಪಿಟೀಲಿಗೆಂದು ರಚಿಸಿದ ಒಂದು ಕೃತಿಯನ್ನು ಎಡಗೈ ಒಂದರಿಂದಲೇ ಪಿಯಾನೋದಲ್ಲಿ ನುಡಿಸುವಂತೆ ಅವರು ಅಳವಡಿಸಿದ್ದರು. ಹಂಗೆರಿಯ ಗೇಜಾ ಜಿಚಿ ಎಂಬ ಶ್ರೀಮಂತ ಮನೆತನದ ಹುಡುಗ ಹದಿನಾಲ್ಕನೆಯ ವಯಸ್ಸಿನಲ್ಲಿ ಬೇಟೆಯ ಅವಘಡದಲ್ಲಿ ಬಲಗೈ ಕಳೆದುಕೊಂಡನು. ಮುಂದೆ ಮಹಾವಾದಕ ಲಿಸ್ಟರಲ್ಲಿ ಕಲಿತು, ಎಡಗೈಯೊಂದರಿಂದಲೇ ಕಚೇರಿ ನಡೆಸುವ ಕಲಾವಿದನಾದನು. ಮೊದಲ ಮಹಾಯುದ್ಧದಲ್ಲಿ ಕೈ ಕಳೆದುಕೊಂಡ ಸೈನಿಕರಿಗಾಗಿ, ಒಂದೇ ಕೈಯಲ್ಲಿ ನಿತ್ಯಜೀವನ ನಡೆಸುವುದು ಹೇಗೆಂದು ಕಲಿಸುವ ಪುಸ್ತಕವನ್ನೂ 1915ರಲ್ಲಿ ಪ್ರಕಟಿಸಿದನು.

ಅದೇ ಯುದ್ಧದಲ್ಲಿ, 1914ರಲ್ಲಿ, ವಿಯೆನ್ನಾದ ಯುವ ವಾದಕ ಪೌಲ್ ವಿಟ್ಗೆನ್‌ಸ್ಟೈನ್ ಗಾಯಗೊಂಡು ಬಲತೋಳು ಕಳೆದುಕೊಂಡು ರಷ್ಯನ್ನರ ಸೆರೆಯಾಳಾದರು. ಸೆರೆಯಲ್ಲಿ ಮರದ ಪೆಟ್ಟಿಗೆಯ ಮೇಲೆ ಇದ್ದಿಲಿನಿಂದ ಪಿಯಾನೋದ ಮನೆಗಳನ್ನು ಬರೆದು, ಸದ್ದಿಲ್ಲದ ಆ ಗೆರೆಗಳ ಮೇಲೆ ಎಡಗೈಯನ್ನು ಪಳಗಿಸಿದರೆಂದು ಅವರ ಜೀವನಕಥೆ ಹೇಳುತ್ತದೆ. ಬಿಡುಗಡೆಯಾದ ಮೇಲೆ ಅವರು ಅಂದಿನ ದೊಡ್ಡ ಸಂಗೀತಕಾರರನ್ನು ಕೇಳಿ ಎಡಗೈಗೆಂದೇ ಕೃತಿಗಳನ್ನು ಬರೆಸಿಕೊಂಡರು. ಫ್ರಾನ್ಸಿನ ಮೋರಿಸ್ ರವೇಲ್ ಅವರಿಗಾಗಿ ಬರೆದ ಕೃತಿ 1932ರ ಜನವರಿ 5ರಂದು ವಿಯೆನ್ನಾದಲ್ಲಿ ಮೊದಲ ಬಾರಿಗೆ ನುಡಿಯಿತು. ಒಂದೇ ಕೈ ನುಡಿಸುತ್ತದೆ, ಸುತ್ತಲೂ ಇಡೀ ವಾದ್ಯವೃಂದ ಅದಕ್ಕೆ ಆಸರೆಯಾಗಿ ನಿಲ್ಲುತ್ತದೆ.

ನಮ್ಮ ಕಾಲಕ್ಕೆ ಹತ್ತಿರದ ಇನ್ನೊಬ್ಬರನ್ನು ನೆನೆಯೋಣ. ಅಮೆರಿಕದ ಲಿಯಾನ್ ಫ್ಲೈಷರ್ ಅವರ ಬಲಗೈ ಬೆರಳುಗಳು 1960ರ ದಶಕದ ನಡುವೆ ತಾವಾಗಿ ಒಳಕ್ಕೆ ಮಡಚತೊಡಗಿದವು. ಮೆದುಳಿನಿಂದ ಬೆರಳಿಗೆ ಹೋಗುವ ಆಜ್ಞೆಯೇ ದಾರಿ ತಪ್ಪುವ ಕಾಯಿಲೆ ಅದು. ಅವರು ಎಡಗೈಗಾಗಿ ಇದ್ದ ಕೃತಿಗಳನ್ನು ನುಡಿಸಿದರು, ವಾದ್ಯವೃಂದಗಳನ್ನು ಮುನ್ನಡೆಸಿದರು, ನೂರಾರು ಮಕ್ಕಳಿಗೆ ಪಾಠ ಹೇಳಿದರು. ಮೂರು ದಶಕಗಳ ನಂತರ ಚಿಕಿತ್ಸೆಯಿಂದ ಬಲಗೈ ತಕ್ಕಮಟ್ಟಿಗೆ ಮರಳಿತು; 2004ರಲ್ಲಿ ಎರಡೂ ಕೈಗಳ ಅವರ ಧ್ವನಿಮುದ್ರಿಕೆ ಹೊರಬಂದಿತು. 2020ರಲ್ಲಿ ತೀರಿಕೊಳ್ಳುವ ಮುನ್ನ ಅವರು ಬಾಳಿದ ಬಾಳಿನಲ್ಲಿ ಆ ಮೂವತ್ತು ವರ್ಷಗಳು ವ್ಯರ್ಥವಾದವೆಂದು ಹೇಳಬಲ್ಲವರು ಯಾರು?

ಇವರೆಲ್ಲ ಸ್ಥಿತಿವಂತರು, ಪ್ರಸಿದ್ಧರು. ಬೇಕಾದ ಹಾಗೆ ಕೃತಿ ಬರೆಸಿಕೊಳ್ಳುವ ಅನುಕೂಲ ಅವರಿಗಿತ್ತು, ನಮ್ಮ ಹಳ್ಳಿಯವರಿಗೆ ಎಲ್ಲಿದೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರವನ್ನು ನೆರೆಯ ತಮಿಳುನಾಡಿನ ಒಂದು ಆಸ್ಪತ್ರೆಯಲ್ಲಿ ಹುಡುಕೋಣ.

ವೆಲ್ಲೂರಿನಲ್ಲಿ ಮರಳಿ ಕಲಿತ ಕೈಗಳು

ಡಾ. ಪೌಲ್ ಬ್ರ್ಯಾಂಡ್ 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟಗಳಲ್ಲಿ ಧರ್ಮಪ್ರಚಾರಕ ದಂಪತಿಗಳ ಮಗನಾಗಿ ಹುಟ್ಟಿದರು. ಇಂಗ್ಲೆಂಡಿನಲ್ಲಿ ಶಸ್ತ್ರವೈದ್ಯ ಕಲಿತು 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದರು. ಕುಷ್ಠರೋಗಿಗಳ ಬೆರಳುಗಳು ಹಕ್ಕಿಯ ಉಗುರಿನಂತೆ ಮುರುಟಿಕೊಂಡಿರುವುದನ್ನು ಅವರು ಕಂಡರು. ರೋಗವೇ ಕೈಯನ್ನು ತಿಂದುಹಾಕುತ್ತದೆ, ಇನ್ನೇನೂ ಮಾಡುವಂತಿಲ್ಲ ಎಂಬುದು ಅಂದಿನ ಸಾಮಾನ್ಯ ನಂಬಿಕೆ. ಬ್ರ್ಯಾಂಡ್ ಪರೀಕ್ಷಿಸಿ ನೋಡಿದಾಗ, ಅಂಗೈಯ ಸಣ್ಣ ಸ್ನಾಯುಗಳ ನರಗಳು ಸತ್ತಿದ್ದರೂ ಮುಂಗೈಯ ಕೆಲವು ಸ್ನಾಯುಗಳಲ್ಲಿ ಬಲ ಉಳಿದಿತ್ತು. ಆ ಬಲವಾದ ಸ್ನಾಯುವಿನ ರಜ್ಜುವನ್ನು ಬೆರಳಿಗೆ ಜೋಡಿಸುವ ಶಸ್ತ್ರಚಿಕಿತ್ಸೆಯನ್ನು 1940ರ ದಶಕದ ಕೊನೆಯಲ್ಲಿ ಅವರು ಆರಂಭಿಸಿದರು.

ಶಸ್ತ್ರಚಿಕಿತ್ಸೆಯೊಂದಿಗೆ ಕೆಲಸ ಮುಗಿಯುತ್ತಿರಲಿಲ್ಲ. ನಿನ್ನೆಯವರೆಗೆ ಬೇರೆ ಕೆಲಸ ಮಾಡುತ್ತಿದ್ದ ಸ್ನಾಯು ಇನ್ನು ಮುಂದೆ ಬೆರಳನ್ನು ಆಡಿಸಬೇಕು. ಮನಸ್ಸು ಹೊಸ ದಾರಿಯನ್ನು ಕಲಿಯಬೇಕು. ವಾರಗಟ್ಟಲೆ, ತಿಂಗಳುಗಟ್ಟಲೆ ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡಿಸುತ್ತಿದ್ದರು. ಗುಣವಾದ ಕೈಗೆ ಕೆಲಸ ಕಲಿಸಲು ವೆಲ್ಲೂರಿನಲ್ಲಿ ನವಜೀವನ ಕೇಂದ್ರವೊಂದು ಹುಟ್ಟಿಕೊಂಡಿತು. ಮರಗೆಲಸದಂಥ ಕಸುಬುಗಳನ್ನು ಅಲ್ಲಿ ಕಲಿಸಿದರು. ಮುರುಟಿದ ಕೈಗೆ ಭಿಕ್ಷೆಯಾದರೂ ಬೀಳುತ್ತಿತ್ತು, ನೇರವಾದ ಕೈಗೆ ಭಿಕ್ಷೆಯೂ ಇಲ್ಲ, ಕೆಲಸ ಕೊಡುವವರೂ ಇಲ್ಲ ಎಂಬ ಕಹಿಸತ್ಯವನ್ನು ರೋಗಿಗಳೇ ಅವರಿಗೆ ತಿಳಿಸಿಕೊಟ್ಟಿದ್ದರು. ಕೈಯನ್ನು ಸರಿಪಡಿಸಿದರೆ ಸಾಲದು, ಆ ಕೈಗೆ ಸಮಾಜದಲ್ಲಿ ಒಂದು ಜಾಗವನ್ನೂ ಮಾಡಿಕೊಡಬೇಕು.

ಅವರ ಶಿಷ್ಯೆ ಡಾ. ಮೇರಿ ವರ್ಗೀಸ್ 1954ರ ಜನವರಿಯಲ್ಲಿ ನಡೆದ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳ ಸ್ವಾಧೀನ ಕಳೆದುಕೊಂಡರು. ನಿಂತು ಮಾಡುವ ಶಸ್ತ್ರಚಿಕಿತ್ಸೆ ಇನ್ನು ಸಾಧ್ಯವಿರಲಿಲ್ಲ. ಆದರೆ ಕೈಯ ಶಸ್ತ್ರಚಿಕಿತ್ಸೆಯನ್ನು ಕುಳಿತೂ ಮಾಡಬಹುದಲ್ಲವೇ? ಗಾಲಿಕುರ್ಚಿಯಲ್ಲಿ ಕುಳಿತೇ ಅವರು ಕುಷ್ಠರೋಗಿಗಳ ಕೈಗಳನ್ನು ನೆಟ್ಟಗಾಗಿಸಿದರು. ಮುಂದೆ ವೆಲ್ಲೂರಿನಲ್ಲಿ ಪುನಶ್ಚೇತನ ವಿಭಾಗವನ್ನು ಕಟ್ಟಿ ಬೆಳೆಸಿದರು. ತನ್ನಲ್ಲಿ ಉಳಿದ ಶಕ್ತಿಯಿಂದ ಇನ್ನೊಬ್ಬರಲ್ಲಿ ಉಳಿದ ಶಕ್ತಿಯನ್ನು ಎಬ್ಬಿಸಿದ ಈ ಬಾಳು ನಮಗೆ ದೂರದ್ದಲ್ಲ.

ಕೀಲಿಮಣೆಗೂ ಈ ವೈದ್ಯಕ್ಕೂ ನೇರ ನಂಟೂ ಉಂಟು. ಲಕ್ವದಿಂದ ಕೈ ಸೋತವರಿಗೆ ವಿದ್ಯುನ್ಮಾನ ಪಿಯಾನೋದ ಕೆಲವೇ ಮನೆಗಳ ಮೇಲೆ ಸರಳ ಸ್ವರಗಳನ್ನು ನುಡಿಸುವ ಅಭ್ಯಾಸ ಕೊಟ್ಟು, ಕೈಯ ಚಲನೆ ಸುಧಾರಿಸುವುದನ್ನು ಜರ್ಮನಿಯ ಸಂಶೋಧಕರು 2007ರಲ್ಲಿ ವರದಿ ಮಾಡಿದರು. ಬೆರಳು ಸರಿಯಾಗಿ ಒತ್ತಿದ ಕ್ಷಣದಲ್ಲೇ ಕಿವಿಗೆ ಸ್ವರ ಕೇಳುತ್ತದೆ. ಆ ಸ್ವರವೇ ಮೆದುಳಿಗೆ ಸಿಗುವ ಮರುತ್ತರ. ಚೆಂಡು ಹಿಸುಕುವ ವ್ಯಾಯಾಮ ಬೇಸರ ತರಿಸಬಹುದು, ಹಾಡು ಬೇಸರ ತರಿಸುವುದಿಲ್ಲ.

ಬರಲಾಗದವನು ಕಳಿಸಿದ ಟೇಪು

ವೆಲ್ಲೂರಿನಲ್ಲಿ ವೈದ್ಯರು ಕೈಯನ್ನು ತಿದ್ದಿದರು. 20ನೆಯ ಶತಮಾನದ ಉತ್ತರಾರ್ಧದಲ್ಲಿ ವಾದ್ಯ ತಯಾರಕರು ವಾದ್ಯವನ್ನೇ ಕೈಗೆ ತಕ್ಕಂತೆ ತಿದ್ದಿದರು. ಜಪಾನಿನ ಕ್ಯಾಸಿಯೊ ಸಂಸ್ಥೆ 1980ರಲ್ಲಿ ತನ್ನ ಮೊದಲ ವಿದ್ಯುನ್ಮಾನ ಕೀಬೋರ್ಡನ್ನು ಮಾರುಕಟ್ಟೆಗೆ ತಂದಿತು. ನಮ್ಮ ಕಡೆ ಯಾವ ಸಂಸ್ಥೆಯ ಕೀಬೋರ್ಡಾದರೂ ಜನರ ಬಾಯಲ್ಲಿ ಅದು ‘ಕ್ಯಾಸಿಯೊ’ ಆಗಿಬಿಟ್ಟಿತು. ತಿದಿ ಒತ್ತುವ ಕೆಲಸ ಇಲ್ಲವಾಯಿತು; ಒಂದು ಕೈ ಪೂರ್ತಿ ಸೋತವರಿಗೂ ವಾದ್ಯ ಎಟುಕಿತು. ಒಂದು ಬೆರಳಿನಿಂದ ಒಂದೇ ಮನೆ ಒತ್ತಿದರೆ ಮೂರು ಸ್ವರಗಳ ಮೇಳವೂ ಅದರೊಂದಿಗೆ ತಾಳವೂ ಹೊರಡುವ ಸೌಲಭ್ಯ ಬಂದಿತು. ಗುಂಡಿ ಒತ್ತಿದರೆ ಶ್ರುತಿ ಬದಲಾಗುವ ವ್ಯವಸ್ಥೆ ಬಂದಿತು. ಹಳೆಯ ಕಪ್ಲರ್, ಹಳೆಯ ಸ್ಕೇಲ್ ಚೇಂಜರ್‌ಗಳೇ ಹೊಸ ವೇಷದಲ್ಲಿ ಮರಳಿದ್ದವು.

ಇನ್ನು ಹಿನ್ನೆಲೆ ಸಂಗೀತದ ಟ್ರ್ಯಾಕ್. ಒಂದು ವಾದ್ಯದ ಪಾತ್ರವನ್ನು ಬಿಟ್ಟು ಉಳಿದೆಲ್ಲವನ್ನೂ ಮುದ್ರಿಸಿ, ಬಿಟ್ಟದ್ದನ್ನು ಮನೆಯಲ್ಲಿ ಕುಳಿತವರು ತುಂಬಲಿ ಎಂಬ ಧ್ವನಿಮುದ್ರಿಕೆಗಳನ್ನು ಅಮೆರಿಕದ ಸಂಸ್ಥೆಯೊಂದು 1950ರಲ್ಲೇ ತಂದಿತ್ತು. ಆದರೆ ಲೋಕವನ್ನು ಗೆದ್ದ ಕಥೆ ಜಪಾನಿನದು. ಕೋಬೆ ನಗರದ ಇನೋವೆ ದೈಸುಕೆ ಎಂಬ ವಾದಕ, ಸರಿಯಾಗಿ ಹಾಡಲು ಬಾರದವರ ಜೊತೆಗೂ ಅವರ ವೇಗಕ್ಕೆ ಹೊಂದಿಕೊಂಡು ನುಡಿಸುವುದರಲ್ಲಿ ನಿಸ್ಸೀಮ. ಒಮ್ಮೆ ಅವನ ಗಿರಾಕಿಯೊಬ್ಬರು ಪರಸ್ಥಳಕ್ಕೆ ಹೊರಟಾಗ ಜೊತೆಗೆ ಬಂದು ನುಡಿಸೆಂದು ಕೇಳಿದರು. ಹೋಗಲಾಗದ ಇನೋವೆ, ಅವರು ಹಾಡುವ ಹಾಡುಗಳಿಗೆ ಅವರದೇ ವೇಗದಲ್ಲಿ ವಾದ್ಯ ನುಡಿಸಿ ಟೇಪು ಮಾಡಿ ಕೊಟ್ಟನು. ಇದರಿಂದ ಹೊಳೆದ ಯೋಚನೆಯೇ 1971ರಲ್ಲಿ ಕರೋಕೆ ಯಂತ್ರವಾಯಿತು. ನೋಡಿ, ಆ ಟೇಪಿನ ಹಿಂದೆ ಇದ್ದದ್ದು ಒಬ್ಬ ಅಸಮರ್ಥ ಹಾಡುಗಾರನ ಮೇಲೆ ಒಬ್ಬ ಸಮರ್ಥ ವಾದಕನಿಗಿದ್ದ ಸಹನೆ. ಹಾಡು ಅವರ ವೇಗಕ್ಕೆ ಬಗ್ಗಬೇಕು ಎಂಬ ಸಹನೆ.

ಆದರೆ ಕ್ಯಾಸೆಟ್ಟಿನ ಕಾಲದಲ್ಲಿ ಒಂದು ತೊಡಕಿತ್ತು. ಟೇಪಿನ ವೇಗ ಇಳಿಸಿದರೆ ಶ್ರುತಿಯೂ ಇಳಿಯುತ್ತಿತ್ತು. 1983ರಲ್ಲಿ ವಿದ್ಯುನ್ಮಾನ ವಾದ್ಯಗಳಿಗೆಲ್ಲ ಸಾಮಾನ್ಯವಾದ ಮಿಡಿ ಎಂಬ ಸಂಕೇತಭಾಷೆ ಬಂದ ಮೇಲೆ ಆ ತೊಡಕು ನೀಗಿತು. ಮಿಡಿ ಶಬ್ದವನ್ನು ಹಿಡಿದಿಡುವುದಿಲ್ಲ. ಯಾವ ಮನೆಯನ್ನು ಯಾವಾಗ, ಎಷ್ಟು ಜೋರಾಗಿ ಒತ್ತಬೇಕೆಂಬ ಆಜ್ಞೆಯನ್ನು ಮಾತ್ರ ಹಿಡಿದಿಡುತ್ತದೆ. ಹೀಗಾಗಿ ವೇಗವನ್ನು ಅರ್ಧಕ್ಕೆ ಇಳಿಸಿದರೂ ಶ್ರುತಿ ಕದಲುವುದಿಲ್ಲ. ಇಂದು ಮೊಬೈಲ್ ಫೋನಿನಲ್ಲೇ ಮುದ್ರಿತ ಹಾಡಿನ ವೇಗವನ್ನೂ ಶ್ರುತಿಯನ್ನೂ ಬೇರೆ ಬೇರೆಯಾಗಿ ಬದಲಿಸಬಹುದು. ಬೆರಳು ಒಂದು ಮನೆಯಿಂದ ಇನ್ನೊಂದಕ್ಕೆ ತಲುಪಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಹಾಡು ಕಾಯುತ್ತದೆ. ಮೃದಂಗ, ತಬಲ, ಕೊಳಲು ಎಲ್ಲವೂ ಟ್ರ್ಯಾಕಿನಲ್ಲಿ ನಡೆಯುತ್ತಿರುವಾಗ ಮಂದಗತಿಯ ನಾಲ್ಕು ಸ್ವರಗಳೂ ಹಾಡಾಗಿಯೇ ಕೇಳುತ್ತವೆ. ಒಂಟಿಯಾಗಿ ನುಡಿಸಿದರೆ ಬರಿದೆನಿಸುವ ಸ್ವರ ಹತ್ತು ಮಂದಿಯ ನಡುವೆ ತುಂಬಿಕೊಳ್ಳುತ್ತದೆ.

ಮನೆಯಲ್ಲಿ ಟ್ರ್ಯಾಕು, ದೇವಾಲಯದಲ್ಲಿ ಜನ

ಹಾಗಾದರೆ ಬಲಿಪೂಜೆಯಲ್ಲೂ ಟ್ರ್ಯಾಕ್ ಹಾಕಿಬಿಡಬಹುದೇ? ಇಲ್ಲಿ ಸ್ವಲ್ಪ ವಿವೇಚನೆ ಬೇಕು. ಧರ್ಮಸಭೆ ವಾದ್ಯಗಳ ವಿಷಯದಲ್ಲಿ ಕಾಲಕಾಲಕ್ಕೆ ಆಲೋಚಿಸುತ್ತ ಬಂದಿದೆ. ಜಗದ್ಗುರು ಹತ್ತನೆಯ ಪಯಸ್ 1903ರ ತಮ್ಮ ಆಜ್ಞಾಪತ್ರದಲ್ಲಿ ಪಿಯಾನೋವನ್ನೂ ಅಬ್ಬರದ ವಾದ್ಯಗಳನ್ನೂ ದೇವಾಲಯದಲ್ಲಿ ನಿಷೇಧಿಸಿದ್ದರು. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯ ಕುರಿತ ತನ್ನ ಸಂವಿಧಾನದಲ್ಲಿ ಕೊಳವೆ ಆರ್ಗನ್ನಿಗೆ ಹಿರಿಮೆ ಸಲ್ಲಿಸಿ, ಆರಾಧನೆಗೆ ಒಗ್ಗುವ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. ಕನ್ನಡದಲ್ಲಿ ಪೂಜೆ ನಡೆಯತೊಡಗಿದ ಮೇಲೆ ಹಾರ್ಮೋನಿಯಂ, ತಬಲ, ಮುಂದೆ ಕೀಬೋರ್ಡು ನಮ್ಮ ಗಾನವೃಂದದಲ್ಲಿ ಸಹಜವಾಗಿ ಕುಳಿತವು. 1988ರಲ್ಲಿ ಸ್ಥಾಪನೆಯಾದ ಶಿವಮೊಗ್ಗ ಧರ್ಮಕ್ಷೇತ್ರದ ವ್ಯಾಪ್ತಿಗೆ ಸೇರುವ ಈ ನಾಲ್ಕು ತಾಲ್ಲೂಕುಗಳ ಸಣ್ಣ ಸಮುದಾಯಗಳಿಗೂ ಇದು ಸಲ್ಲುವ ಮಾತು.

ಆದರೆ ಜೀವಂತ ಜನರ ಹಾಡಿನ ಸ್ಥಾನವನ್ನು ಯಂತ್ರ ಕಿತ್ತುಕೊಳ್ಳಬಾರದೆಂಬುದು ಧರ್ಮಸಭೆಯ ಮನೋಭಾವ. ಮಕ್ಕಳ ಪೂಜೆಗಾಗಿ 1973ರಲ್ಲಿ ಹೊರಬಂದ ನಿರ್ದೇಶಿಕೆಯೂ ಮುದ್ರಿತ ಸಂಗೀತದ ವಿಷಯದಲ್ಲಿ ಎಚ್ಚರದ ಮಾತನ್ನೇ ಆಡುತ್ತದೆ. ಆದ್ದರಿಂದ ಟ್ರ್ಯಾಕಿನ ಸಹಜ ಸ್ಥಾನ ಮನೆ. ಅಭ್ಯಾಸಕ್ಕೆ, ಸಂಜೆಯ ಕುಟುಂಬ ಪ್ರಾರ್ಥನೆಗೆ, ಹಬ್ಬದ ಸಂತೋಷಕ್ಕೆ ಅದು ಒದಗಲಿ. ದೇವಾಲಯದಲ್ಲಿ ಟ್ರ್ಯಾಕಿನ ಕೆಲಸವನ್ನು ಮಾಡಬೇಕಾದವರು ನಾವು. ಇನೋವೆ ತನ್ನ ಗಿರಾಕಿಗೆ ತೋರಿದ ಸಹನೆಯನ್ನು ನಮ್ಮ ಗಾನವೃಂದ ತನ್ನ ಹಳೆಯ ವಾದಕನಿಗೆ ತೋರಲಾರದೇ? ಒಬ್ಬರು ಎಡಗೈಯಿಂದ ರಾಗ ಹಿಡಿಯಲಿ, ಪಕ್ಕದಲ್ಲಿ ಕುಳಿತ ಹುಡುಗ ಮೇಳವನ್ನು ತುಂಬಲಿ. ತಿದಿ ಒತ್ತಲಾಗದವರಿಗೆ ಮೊಮ್ಮಗಳು ತಿದಿ ಒತ್ತಲಿ. ಒಂದು ಹಾಡಿನ ಕಾಲಪ್ರಮಾಣ ತುಸು ನಿಧಾನವಾದರೆ ಯಾರ ಭಕ್ತಿಗೂ ಕುಂದು ಬಾರದು.

ಮನೆಯವರಿಗೆ ನಾಲ್ಕು ಮಾತು. ಕೈಗೆ ಚಿಕಿತ್ಸೆ ನಡೆಯುತ್ತಿದ್ದರೆ ವೈದ್ಯರನ್ನೋ ವ್ಯಾಯಾಮ ಚಿಕಿತ್ಸಕರನ್ನೋ ಕೇಳಿಯೇ ಆರಂಭಿಸಿ. ಮೊದಲು ಹತ್ತು ನಿಮಿಷ ಸಾಕು. ನೋವು ಕಂಡರೆ ನಿಲ್ಲಿಸಿ. ಮೊಣಕೈಗೆ ಆಸರೆ ಸಿಗುವಂತೆ ವಾದ್ಯವ‌ನ್ನು ತಗ್ಗಿನ ಮೇಜಿನ ಮೇಲಿಡಿ. ಸ್ಪರ್ಶಜ್ಞಾನವಿಲ್ಲದ ಬೆರಳಿದ್ದರೆ ಕಣ್ಣಿನ ಕಾವಲಿರಲಿ. ಮೂರು ನಾಲ್ಕು ಸ್ವರಗಳಲ್ಲೇ ಸುಳಿಯುವ ಪರಿಚಿತ ಗೀತೆಯೊಂದನ್ನು ಆರಿಸಿ, ಟ್ರ್ಯಾಕಿನ ವೇಗವನ್ನು ಕೈ ಒಪ್ಪುವಷ್ಟು ಇಳಿಸಿ. ಬೆರಳು ಸೋತಲ್ಲಿ ಸ್ವರ ಬಿಟ್ಟುಹೋದರೂ ಚಿಂತೆಯಿಲ್ಲ. ಹಾಡು ಮುಂದೆ ನಡೆಯುತ್ತದೆ, ಕೈ ಮತ್ತೆ ಬಂದು ಸೇರಿಕೊಳ್ಳುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಪಕ್ಕದಲ್ಲಿ ಕುಳಿತು ಕೇಳಿ.

ದೆಬೆಯ್ನ್ ಬಡ ದೇವಾಲಯಗಳ ಕೈಗೆಟುಕುವಂತೆ ಆರ್ಗನ್ನನ್ನು ಚಿಕ್ಕದಾಗಿಸಿದನು. ಘೋಷರು ಅದನ್ನು ನೆಲಕ್ಕಿಳಿಸಿ ಒಂದು ಕೈಗೆ ಒಪ್ಪಿಸಿದರು. ರವೇಲ್ ಉಳಿದ ಒಂದು ಕೈಗೆಂದೇ ಕೃತಿ ಬರೆದನು. ಇನೋವೆ ತಾಳ ತಪ್ಪುವವನಿಗಾಗಿ ತಾಳವನ್ನೇ ನಿಧಾನಿಸಿದನು. ವಾದ್ಯಕ್ಕೆ ಕೈ ಹೊಂದದಿದ್ದಾಗ ಕೈಯನ್ನು ಹೊರಗೆ ಕಳಿಸದೆ ವಾದ್ಯವನ್ನು ಬದಲಿಸಿದವರ ಕಥೆಯೇ ಕೀಲಿಮಣೆಯ ಇತಿಹಾಸ. ಆ ಇತಿಹಾಸದ ಮುಂದಿನ ಸಾಲನ್ನು ಬರೆಯಬೇಕಾದವರು ನೀವು. ಬರುವ ಭಾನುವಾರ ಹಿಂದಿನ ಸಾಲಿನತ್ತ ಒಮ್ಮೆ ನೋಡಿ. ಮೂಲೆಯ ಪೆಟ್ಟಿಗೆಯ ಬಟ್ಟೆ ಸರಿಸಿ, ಅದರ ಮುಂದೆ ಒಂದು ಜಾಗ ಬಿಟ್ಟು, ಅಲ್ಲಿ ಕುಳಿತವರನ್ನು ಹೆಸರು ಹಿಡಿದು ಕರೆಯಿರಿ.